ಟರ್ಬೈನಿಗೂ ಜನರೇಟರಿಗೂ ನಡುವೆ

ಸೈಕಲ್ಲಿಗೆ ಡೈನಮೊ ಹಾಕಿಕೊಂಡು ರಾತ್ರಿ ಸಂಚರಿಸಿದವರಿಗೆ ನಾನು ಇಂದು ಹೇಳಹೊರಟಿರುವ ವಿಷಯದ ಅರ್ಧ ಭಾಗ ಆಗಲೇ ತಿಳಿದಿದೆ. ನಾನು ಹುಡುಗನಾಗಿದ್ದಾಗ ಮಾವಳ್ಳಿಯ ಕಡಲ ದಂಡೆಯಿಂದ ಹೆದ್ದಾರಿಯ ಕಡೆಗೆ ಹೋಗುವ ದಾರಿಯಲ್ಲಿ ದೀಪಗಳಿರಲಿಲ್ಲ. ತಂದೆಯವರ ಸೈಕಲ್ಲಿನ ಡೈನಮೊವನ್ನು ಟಯರಿಗೆ ತಾಗಿಸಿದ ಕೂಡಲೇ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತಿದ್ದವು: ಮುಂದೆ ಬೆಳಕು ಬೀಳುತ್ತಿತ್ತು, ಕಾಲಿಗೆ ತುಳಿತ ಭಾರವಾಗುತ್ತಿತ್ತು. ಟಯರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು; ಡೈನಮೊದ ತಲೆಯ ಮೇಲಿನ ಚಿಕ್ಕ ಗಾಲಿಯ ಸುತ್ತಳತೆ ಆರು ಸೆಂಟಿಮೀಟರಿನಷ್ಟು. ಆದ್ದರಿಂದ ಸೈಕಲ್ಲಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಡೈನಮೊ ಮೂವತ್ತಕ್ಕೂ ಹೆಚ್ಚು ಸುತ್ತು ಬರುತ್ತದೆ. ಚಕ್ರ ತನ್ನ ನಿಧಾನಗತಿಯಲ್ಲಿಯೇ ಡೈನಮೊವನ್ನು ತಿರುಗಿಸಿದ್ದರೆ ಬಲ್ಬಿನ ತಂತಿ ಕೆಂಪಗೂ ಆಗುತ್ತಿರಲಿಲ್ಲ.

ತಿರುಗುವ ಯಾವುದೇ ವಸ್ತುವಿನಲ್ಲಿ ನಾವು ಎರಡು ಗುಣಗಳನ್ನು ಗಮನಿಸಬೇಕಾಗುತ್ತದೆ. ಒಂದು, ಅದರ ವೇಗ. ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಇನ್ನೊಂದು, ಅದು ತಿರುಗುವಾಗ ಎಷ್ಟು ಬಲವಾಗಿ ತಿರುಚಬಲ್ಲದು ಎಂಬುದು. ಎಂಜಿನಿಯರರು ಟಾರ್ಕ್ ಎನ್ನುವ ಈ ಎರಡನೆಯದನ್ನು ನಾನು ತಿರುಗುಬಲವೆಂದು ಕರೆಯುತ್ತೇನೆ. ಈ ಎರಡರ ಗುಣಾಕಾರವೇ ಶಕ್ತಿ. ನಮ್ಮ ಕಡೆಯ ಆಲೆಮನೆಯಲ್ಲಿ ಕೋಣಗಳು ಗಾಣದ ಸುತ್ತ ದೊಡ್ಡ ವರ್ತುಲದಲ್ಲಿ ಮೆಲ್ಲಗೆ ನಡೆಯುತ್ತವೆ. ಅಷ್ಟು ಉದ್ದದ ಮರದ ತುದಿಯನ್ನು ಅವು ಎಳೆಯುವುದರಿಂದ ಗಾಣದ ಉರುಳೆಗೆ ಕಬ್ಬಿನ ಜಲ್ಲೆಯನ್ನು ಹಿಪ್ಪೆ ಮಾಡುವ ಬಲ ಬರುತ್ತದೆ. ಅಲ್ಲಿ ವೇಗ ಬೇಡ, ಬಲ ಬೇಕು. ಅದಕ್ಕೆ ತದ್ವಿರುದ್ಧವಾದದ್ದು ನೂಲುವ ರಾಟೆ. ದೊಡ್ಡ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಕದಿರು ಹತ್ತಾರು ಸುತ್ತು ಬರುತ್ತದೆ. ಆದರೆ ಆ ಕದಿರನ್ನು ಎರಡು ಬೆರಳಿನಿಂದ ಹಿಡಿದು ನಿಲ್ಲಿಸಬಹುದು. ಅಲ್ಲಿ ವೇಗ ಬೇಕು, ಬಲ ಬೇಡ. ಹಲ್ಲುಚಕ್ರವಾಗಲಿ, ಸರಪಳಿಯಾಗಲಿ, ಪಟ್ಟಿಯಾಗಲಿ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ತರುತ್ತದೆ, ಅಥವಾ ಬಲವನ್ನು ಕೊಟ್ಟು ವೇಗವನ್ನು ತರುತ್ತದೆ. ನಡುವೆ ತನ್ನ ದಲಾಲಿಯೆಂದು ಸ್ವಲ್ಪ ಮುರಿದುಕೊಳ್ಳುತ್ತದೆ.

ಈ ದಲಾಲಿಯನ್ನು ಉಳಿಸಲು ಹೋಗಿ ನಾನು ಮಾಡಿದ ಒಂದು ತಪ್ಪನ್ನು ಈಗ ಹೇಳಬೇಕು.

ನನ್ನ ಸೋದರಮಾವನ ಅಡಿಕೆ ತೋಟ ಘಟ್ಟದ ಸೆರಗಿನಲ್ಲಿದೆ. 1988ರಲ್ಲಿ ಆ ಮನೆಗೆ ವಿದ್ಯುತ್ ತಂತಿ ಬಂದಿರಲಿಲ್ಲ. ತೋಟದ ಮೇಲ್ಗಡೆಯ ಹಳ್ಳದಲ್ಲಿ ಬೇಸಿಗೆಯ ಮೊದಲ ಭಾಗದವರೆಗೂ ನೀರು ಹರಿಯುತ್ತಿತ್ತು. ಅಲ್ಲಿಂದ ಮನೆಯ ಹಿಂದಿನ ದಿಬ್ಬಕ್ಕೆ 20 ಮೀಟರು ಇಳಿತ. ಕಲ್ಲುಮಣ್ಣಿನ ಒಡ್ಡು ಕಟ್ಟಿ, ಕೊಳವೆ ಇಳಿಸಿ, ಸೆಕೆಂಡಿಗೆ 8 ಲೀಟರಿನಂತೆ ನೀರು ತಂದು, ಬಟ್ಟಲುಗಳಿರುವ ಪೆಲ್ಟನ್ ಚಕ್ರವೊಂದಕ್ಕೆ ಹೊಡೆಸುವುದೆಂದು ತೀರ್ಮಾನವಾಯಿತು. ನಾನು ಎಂಜಿನಿಯರಿಂಗ್ ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಪಟ್ಟಿ ಹಾಕಿದರೆ ನೂರಕ್ಕೆ ಐದು ಪಾಲು ಶಕ್ತಿ ವ್ಯರ್ಥವೆಂದು ಓದಿದ್ದೆ. ಆದ್ದರಿಂದ, "ಮಾವ, ಪಟ್ಟಿ ಬೇಡ. ಟರ್ಬೈನಿನ ದಂಡಕ್ಕೇ ಜನರೇಟರನ್ನು ನೇರವಾಗಿ ಜೋಡಿಸಿಬಿಡೋಣ" ಎಂದೆ. ಮಾವ, "ನೀನು ಓದಿದವ, ನಿನಗೆ ಗೊತ್ತು" ಎಂದರು.

ಜೋಡಿಸಿದ ದಿನ ಎಲ್ಲವೂ ಸರಿಯಾಗಿಯೇ ಕಂಡಿತು. ಕೊಳವೆಯ ಬಾಗಿಲು ತೆರೆದಾಗ ಚಕ್ರ ಹಾಡತೊಡಗಿತು. ಮೀಟರು 230 ವೋಲ್ಟ್ ತೋರಿಸಿತು. ಜಗಲಿಯಲ್ಲಿ ಒಂದು ಬಲ್ಬು ಉರಿಯಿತು. ಅತ್ತೆ ಒಳಗಿನಿಂದ ಆರತಿ ತಂದರು. ಅಡುಗೆಮನೆಯಲ್ಲಿ ಎರಡನೆಯದೂ ಉರಿಯಿತು. ಮೂರನೆಯದನ್ನು ಹಾಕಿದಾಗ ಎಲ್ಲವೂ ಮಂಕಾದವು. ನಾಲ್ಕನೆಯದಕ್ಕೆ ಕೆಂಪು ಎಳೆಗಳು ಮಾತ್ರ ಉಳಿದವು. ಎಂಟುನೂರು ವಾಟ್ ಎಂದು ಹೆಸರುಪಟ್ಟಿ ಹೊತ್ತ ಯಂತ್ರ ನೂರಿಪ್ಪತ್ತು ವಾಟಿಗೇ ಸೋತುಹೋಗಿತ್ತು. ನೆರೆದವರೆಲ್ಲರ ಅಭಿಪ್ರಾಯ ಒಂದೇ: ನೀರು ಸಾಲದು.

ಮಾವನೂ ಹಾಗೆಯೇ ತಿಳಿದರು. ಒಡ್ಡನ್ನು ಒಂದು ಮೊಳ ಏರಿಸಿದರು. ಟರ್ಬೈನಿನಿಂದ ಹೊರಬಿದ್ದ ನೀರು ಮರಳಿ ಹಳ್ಳವನ್ನೇ ಸೇರುತ್ತಿತ್ತು, ನಿಜ; ಆದರೆ ಕೆಳಗಿನ ತೋಟದವರ ಕಾಲುವೆಯ ಬಾಯಿ ಇದ್ದದ್ದು ಅದಕ್ಕಿಂತ ಮೇಲೆ. ಅಡಿಕೆಗೆ ನೀರುಣಿಸುವ ಕಾಲ. ಅವರ ಕಾಲುವೆ ಒಣಗಿತು. ಒಂದು ಬೆಳಿಗ್ಗೆ ಅವರು ಬಂದು ಅಂಗಳದಲ್ಲಿಯೇ ನಿಂತು, "ಮೂರು ತಲೆಮಾರಿನಿಂದ ಹರಿದ ನೀರು. ನಿಮ್ಮ ಮನೆಯ ದೀಪಕ್ಕೆ ನಮ್ಮ ಮರ ಸಾಯಬೇಕೇ?" ಎಂದು ಕೇಳಿದರು. ಮಾವ ಏನೋ ಉತ್ತರ ಕೊಟ್ಟರು, ಅವರು ಅದಕ್ಕಿಂತ ದೊಡ್ಡದೊಂದು ಮಾತು ಆಡಿದರು. ಆ ವರ್ಷ ಅವರ ಮನೆಯ ಉಪನಯನಕ್ಕೆ ನಮ್ಮವರು ಯಾರೂ ಹೋಗಲಿಲ್ಲ. ಇಷ್ಟೆಲ್ಲ ಆದ ಮೇಲೂ ಬಲ್ಬುಗಳು ಎರಡೇ ಉರಿಯುತ್ತಿದ್ದವು.

ತಪ್ಪು ನೀರಿನದಲ್ಲ, ನನ್ನದು ಎಂಬ ಸಂಶಯ ನನಗೆ ಮೊದಲು ಬಂದದ್ದು ಟರ್ಬೈನಿನ ಕೆಳಗೆ ಬೀಳುವ ನೀರನ್ನು ನೋಡಿದಾಗ. ಪೆಲ್ಟನ್ ಚಕ್ರದ ಗುಟ್ಟೆಲ್ಲ ಅಲ್ಲಿದೆ. 20 ಮೀಟರು ಎತ್ತರದಿಂದ ಇಳಿದ ನೀರು ಮೂತಿಯಿಂದ ಹೊರಬರುವಾಗ ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರು ವೇಗದಲ್ಲಿರುತ್ತದೆ. ಬಟ್ಟಲು ಅಲುಗದೆ ನಿಂತಿದ್ದರೆ ಆ ನೀರು ಬಡಿದು ಅದೇ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಬಲವೇನೋ ಅತ್ಯಧಿಕ, ಆದರೆ ಚಲನೆಯಿಲ್ಲದ್ದರಿಂದ ಕೆಲಸ ಶೂನ್ಯ. ಬಟ್ಟಲು ನೀರಿನಷ್ಟೇ ವೇಗವಾಗಿ ಓಡಿದರೆ ನೀರಿಗೆ ಅದನ್ನು ತಳ್ಳಲು ಆಗುವುದೇ ಇಲ್ಲ. ಬಟ್ಟಲು ನೀರಿನ ವೇಗದ ಸರಿಸುಮಾರು ಅರ್ಧದಲ್ಲಿ ಓಡಿದಾಗ ಮಾತ್ರ, ತಿರುಗಿ ಹೊರಬೀಳುವ ನೀರಿನಲ್ಲಿ ವೇಗವೇ ಉಳಿಯದೆ ಅದು ಸತ್ತಂತೆ ನೇರ ಕೆಳಗೆ ಬೀಳುತ್ತದೆ. ತನ್ನಲ್ಲಿದ್ದುದನ್ನೆಲ್ಲ ಅದು ಚಕ್ರಕ್ಕೆ ಕೊಟ್ಟಿತೆಂದು ಅರ್ಥ. ನಮ್ಮ ಚಕ್ರದಲ್ಲಾದರೋ ನೀರು ಬಟ್ಟಲುಗಳ ಜೊತೆಗೇ ಓಡಿ ಆಚೆಯ ಗೋಡೆಗೆ ರಪ್ಪನೆ ಬಡಿಯುತ್ತಿತ್ತು.

ಲೆಕ್ಕ ಹಾಕಿದೆ. ಚಕ್ರದ ವ್ಯಾಸ 20 ಸೆಂಟಿಮೀಟರು, ಸುತ್ತಳತೆ 63. ಬಟ್ಟಲಿಗೆ ಉತ್ತಮವಾದ ವೇಗ ವ್ಯವಹಾರದಲ್ಲಿ ಅರ್ಧಕ್ಕಿಂತ ತುಸು ಕಡಿಮೆ, ಸೆಕೆಂಡಿಗೆ 9.1 ಮೀಟರು. ಅಂದರೆ ನಿಮಿಷಕ್ಕೆ ಸುಮಾರು 870 ಸುತ್ತು. ಆದರೆ ನಾವು ತಂದಿದ್ದ ಜನರೇಟರು 1500 ಸುತ್ತಿನದು. ಇದು ಜನರೇಟರಿನ ಹಟವಲ್ಲ, ಅದರ ಹುಟ್ಟುಗುಣ. ಅದರೊಳಗಿನ ಅಯಸ್ಕಾಂತದ ಉತ್ತರ ದಕ್ಷಿಣ ಧ್ರುವಗಳ ಒಂದು ಜೊತೆ ಸುರುಳಿಯ ಮುಂದೆ ಹಾದುಹೋದಾಗ ವಿದ್ಯುತ್ತು ಒಮ್ಮೆ ಏರಿ ಇಳಿಯುತ್ತದೆ. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಬಾರಿ ಹೀಗಾಗಬೇಕು. ಎರಡು ಧ್ರುವಗಳ ಯಂತ್ರವಾದರೆ ನಿಮಿಷಕ್ಕೆ 3000 ಸುತ್ತು, ನಾಲ್ಕಾದರೆ 1500, ಆರಾದರೆ 1000, ಇಪ್ಪತ್ತಾದರೆ 300. ನಮ್ಮದು ನಾಲ್ಕು ಧ್ರುವಗಳದು.

ಹಾಗಾದರೆ ಮೊದಲ ದಿನ ಮೀಟರು 230 ತೋರಿಸಿದ್ದು ಹೇಗೆ? ಭಾರವಿಲ್ಲದ ಟರ್ಬೈನು ತನ್ನ ಉತ್ತಮ ವೇಗವನ್ನು ದಾಟಿ ಲಂಗುಲಗಾಮಿಲ್ಲದೆ ಓಡುತ್ತದೆ. ನಮ್ಮದು 1600ರವರೆಗೆ ಓಡುತ್ತಿತ್ತು. ಅಲ್ಲಿ ಅದರ ತಿರುಗುಬಲ ಶೂನ್ಯ. ಬರಿಯ ಮೀಟರಿಗೆ ಬಲ ಬೇಕಿಲ್ಲವಾದ್ದರಿಂದ ಅದು ನಮ್ಮನ್ನು ಮೆಚ್ಚಿಸಿತು. ಭಾರ ಹಾಕದೆ ಪರೀಕ್ಷಿಸಿದ ಯಂತ್ರವನ್ನು ಪರೀಕ್ಷಿಸಿದ್ದೇವೆಂದು ಹೇಳುವುದು ಸುಳ್ಳು. ಇದನ್ನು ನಾನು ಕಾಲೇಜಿನಲ್ಲಿ ಕಲಿಯಬೇಕಿತ್ತು.

ಖಾತ್ರಿಗಾಗಿ ಜನರೇಟರನ್ನು ಕಳಚಿ, ಟರ್ಬೈನಿನ ದಂಡಕ್ಕೆ ಒಂದು ಗಾಲಿ ಸಿಕ್ಕಿಸಿ, ಅದರ ಸುತ್ತ ಹಗ್ಗ ಹಾಯಿಸಿ, ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡಿದೆವು. ಗಾಲಿ ಹತ್ತು ಸೆಂಟಿಮೀಟರು ತ್ರಿಜ್ಯದ್ದು. ಹಗ್ಗ ಸಡಿಲವಿದ್ದಾಗ 1600 ಸುತ್ತು, ಎಳೆತ ಏನೂ ಇಲ್ಲ. 1500ರಲ್ಲಿ ಎಳೆತ ಒಂದೂವರೆ ಕಿಲೊ. 1200ರಲ್ಲಿ ಆರು. 870ರಲ್ಲಿ ಹತ್ತೂವರೆ. 600ರಲ್ಲಿ ಹದಿನಾಲ್ಕು. ಹಗ್ಗವನ್ನು ಬಿಗಿದು ಚಕ್ರವನ್ನು ನಿಲ್ಲಿಸಿಯೇ ಬಿಟ್ಟಾಗ ಇಪ್ಪತ್ತಮೂರು. ಪ್ರತಿ ಸಲವೂ ಸುತ್ತನ್ನು ಎಳೆತದಿಂದ ಗುಣಿಸಿ ನೋಡಿ: 1500ರಲ್ಲಿ 2250, 1200ರಲ್ಲಿ 7200, 870ರಲ್ಲಿ 9135, 600ರಲ್ಲಿ 8400. ನಾನು ಯಂತ್ರವನ್ನು ಜೋಡಿಸಿದ್ದ ವೇಗದಲ್ಲಿ ಅದರ ಶಕ್ತಿಯ ನಾಲ್ಕನೆಯ ಒಂದು ಪಾಲು ಮಾತ್ರ ದೊರೆಯುತ್ತಿತ್ತು; ಅದರಲ್ಲಿಯೂ ಒಂದು ಭಾಗವನ್ನು ಜನರೇಟರು ತನ್ನ ಗಾಳಿಬೀಸಣಿಗೆಗೂ ಘರ್ಷಣೆಗೂ ತೆಗೆದುಕೊಳ್ಳುತ್ತಿತ್ತು. ಐದು ಪಾಲು ಉಳಿಸಲು ಹೋಗಿ ಎಪ್ಪತ್ತೈದು ಪಾಲು ಕಳೆದಿದ್ದೆ. ಹಗ್ಗದಿಂದ ಕಮಟು ವಾಸನೆ ಏಳುತ್ತಿತ್ತು. ಮಾವ ಕಾಗದದ ಮೇಲಿನ ಅಂಕಿಗಳನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಒಡ್ಡು ಏರಿಸಿದ್ದು ದಂಡ?" ಎಂದು ಕೇಳಿದರು. ಹೌದೆಂದೆ. ಅವರು ಬೈಯಲಿಲ್ಲ. ಮರುದಿನ ತಾವೇ ಹೋಗಿ ಆ ಒಂದು ಮೊಳವನ್ನು ಕಿತ್ತುಹಾಕಿದರು.

ದಾರಿಗಳು ಮೂರಿದ್ದವು. 870 ಸುತ್ತಿಗೆ ಹೊಂದುವ, ಹೆಚ್ಚು ಧ್ರುವಗಳ ಜನರೇಟರು ತರಬಹುದಿತ್ತು. ಅದು ಭಾರ, ಬೆಲೆ ಹೆಚ್ಚು, ಅಂಗಡಿಯಲ್ಲಿ ಸಿಗುವುದೂ ಕಷ್ಟ. ಟರ್ಬೈನಿನ ಚಕ್ರವನ್ನೇ ಚಿಕ್ಕದು ಮಾಡಬಹುದಿತ್ತು. ವ್ಯಾಸ 12 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅದೇ ನೀರಿಗೆ 1500 ಸುತ್ತು ಬರುತ್ತದೆ. ಆದರೆ ನಮ್ಮ ನೀರಿನ ಧಾರೆಯೇ 23 ಮಿಲಿಮೀಟರು ದಪ್ಪ. ಅಷ್ಟು ಪುಟ್ಟ ಚಕ್ರದ ಬಟ್ಟಲುಗಳಿಗೆ ಆ ಧಾರೆ ತುಂಬಿ ತುಳುಕುತ್ತದೆ, ಒಂದರ ನೀರು ಇನ್ನೊಂದಕ್ಕೆ ಅಡ್ಡಿಯಾಗುತ್ತದೆ. ಉಳಿದದ್ದು ನಾನು ಬೇಡವೆಂದಿದ್ದ ಪಟ್ಟಿ. ಟರ್ಬೈನಿಗೆ 12 ಇಂಚಿನ ಪುಲ್ಲಿ, ಜನರೇಟರಿಗೆ 7 ಇಂಚಿನದು. 870ನ್ನು ಹನ್ನೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರೆ 1491. ಅಂದು ಸಂಜೆ ಅರವತ್ತು ವಾಟಿನ ಹತ್ತು ಬಲ್ಬುಗಳು ಉರಿದವು. ನೀರು ಅದೇ ಎಂಟು ಲೀಟರು.

ಹಲ್ಲುಚಕ್ರ ಏಕಲ್ಲ, ಪಟ್ಟಿ ಏಕೆ ಎಂದು ಕೇಳಬಹುದು. ಹಲ್ಲುಚಕ್ರ ಜಾರುವುದಿಲ್ಲ, ಲೆಕ್ಕ ಖಚಿತ. ಆದರೆ ಅದಕ್ಕೆ ಎಣ್ಣೆಯ ಪೆಟ್ಟಿಗೆ ಬೇಕು, ದಂಡಗಳು ಕೂದಲೆಳೆಯಷ್ಟೂ ಓರೆಯಾಗಕೂಡದು, ಗದ್ದಲ ಬೇರೆ. ಬಟ್ಟಲಿನಲ್ಲಿ ಕಡ್ಡಿ ಸಿಕ್ಕಿ ಚಕ್ರ ಥಟ್ಟನೆ ನಿಂತರೆ ಹಲ್ಲು ಮುರಿಯುತ್ತದೆ. ಪಟ್ಟಿಯಾದರೆ ಜಾರಿ ಬದುಕಿಕೊಳ್ಳುತ್ತದೆ. ಮನೆಮಟ್ಟಿನ ಯಂತ್ರಕ್ಕೆ ಪಟ್ಟಿಯೇ ಲೇಸು. ಹಾಗೆಂದು ಅದು ನಿರುಪದ್ರವಿಯಲ್ಲ. ಜಾರಬಾರದೆಂದು ಮಾವ ಅದನ್ನು ವೀಣೆಯ ತಂತಿಯಂತೆ ಬಿಗಿದರು. ಮೂರು ವಾರದಲ್ಲಿ ಜನರೇಟರಿನ ಬೇರಿಂಗು ಸುಟ್ಟಿತು. ನೇರ ಜೋಡಣೆಯಲ್ಲಿ ದಂಡವನ್ನು ತಿರುಚುವ ಬಲ ಮಾತ್ರ ಇರುತ್ತದೆ; ಪಟ್ಟಿಯಲ್ಲಿ ದಂಡವನ್ನು ಪಕ್ಕಕ್ಕೆ ಎಳೆಯುವ ಬಲವೂ ಸೇರುತ್ತದೆಂಬುದನ್ನು ಅವರಿಗೆ ಮುಂಚೆ ಹೇಳುವುದು ನನಗೆ ಮರೆತಿತ್ತು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎಲ್ಲರೂ ಮಲಗುವಾಗ ದೀಪಗಳನ್ನು ಒಟ್ಟಿಗೆ ಆರಿಸಿದರೆ ಟರ್ಬೈನು 1600ಕ್ಕೆ ಏರುತ್ತದೆ. ಪಟ್ಟಿ ಅದನ್ನು ಹೆಚ್ಚಿಸಿ ಜನರೇಟರನ್ನು 2700ಕ್ಕೂ ಮೇಲೆ ಓಡಿಸುತ್ತದೆ. ವೋಲ್ಟೇಜು ಏರಿ, ಆರಿಸದೆ ಉಳಿದ ಒಂದು ಬಲ್ಬು ಸಿಡಿಯುತ್ತದೆ. ಆದ್ದರಿಂದ ಭಾರವನ್ನು ಇಳಿಯಗೊಡಬಾರದು. ಇಂದಿನ ಸಣ್ಣ ಸ್ಥಾವರಗಳಲ್ಲಿ ಒಂದು ವಿದ್ಯುನ್ಮಾನ ಪೆಟ್ಟಿಗೆ ಈ ಕಾವಲು ಕೆಲಸ ಮಾಡುತ್ತದೆ: ಮನೆಯಲ್ಲಿ ಎಷ್ಟು ದೀಪ ಆರಿತೋ ಅಷ್ಟು ಶಕ್ತಿಯನ್ನು ನೀರು ಕಾಯಿಸುವ ಸುರುಳಿಗೆ ತಿರುಗಿಸುತ್ತದೆ. ಮಾವನ ಮನೆಯಲ್ಲಿ ಆ ಕೆಲಸವನ್ನು ಬಹುಕಾಲ ಅತ್ತೆಯೇ ಮಾಡಿದರು. ದೀಪ ಆರಿಸುವ ಮೊದಲು ಬಚ್ಚಲ ಹಂಡೆಯ ಸ್ವಿಚ್ಚು ಒತ್ತುವುದು ಅವರಿಗೆ ಸಂಧ್ಯಾದೀಪ ಹಚ್ಚುವಷ್ಟೇ ರೂಢಿಯಾಗಿತ್ತು.

ದೊಡ್ಡ ವಿದ್ಯುದಾಗಾರಗಳಲ್ಲಿ ಪಟ್ಟಿಯೂ ಇಲ್ಲ, ಹಲ್ಲುಚಕ್ರವೂ ಇಲ್ಲ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಸೇರಿ 1035 ಮೆಗಾವಾಟ್. ಒಂದೊಂದಕ್ಕೆ ನೂರು ಮೆಗಾವಾಟಿಗೂ ಹೆಚ್ಚು. ಅಷ್ಟು ಬಲವನ್ನು ಹಲ್ಲುಗಳ ಮೂಲಕ ದಾಟಿಸುವ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ಅಲ್ಲಿ ಅಂಗಡಿಯಿಂದ ಜನರೇಟರು ತರುವುದಿಲ್ಲ. ನೀರಿನ ಎತ್ತರಕ್ಕೆ ಒಪ್ಪುವ ಟರ್ಬೈನಿನ ವೇಗವನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕಷ್ಟು ಧ್ರುವಗಳಿರುವ ಜನರೇಟರನ್ನು ಅಳತೆ ಕೊಟ್ಟು ಹೊಲಿಸಿದಂತೆ ಮಾಡಿಸುತ್ತಾರೆ. ಅದೇ ನೀರು ಕೆಳಗೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಮತ್ತೆ ದುಡಿಯುತ್ತದೆ. ಅಲ್ಲಿ ಇಳಿತ ಕಡಿಮೆಯಾದ್ದರಿಂದ ಪೆಲ್ಟನ್ ಬಿಟ್ಟು ಫ್ರಾನ್ಸಿಸ್ ಜಾತಿಯ ಟರ್ಬೈನು. ನಾಲ್ಕು ಘಟಕ, 240 ಮೆಗಾವಾಟ್. ಕೋಲಾರದ ಚಿನ್ನದ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿಸಿದಾಗ ಆವರ್ತನೆ ಸೆಕೆಂಡಿಗೆ 25 ಮಾತ್ರ ಇತ್ತು. ಅದೇ ವೇಗದ ಚಕ್ರಕ್ಕೆ ಅಂದು ಅರ್ಧದಷ್ಟೇ ಧ್ರುವಗಳು ಸಾಕಾಗುತ್ತಿದ್ದವು. ಇನ್ನು ನಮ್ಮ ಜಿಲ್ಲೆಯದೇ ಆದ ಕೈಗಾ ಅಣುಸ್ಥಾವರದಲ್ಲಿ ಹಬೆಯ ಟರ್ಬೈನು ಸಹಜವಾಗಿಯೇ ಅತಿವೇಗಿ. ಅಲ್ಲಿ ಎರಡೇ ಧ್ರುವ, 3000 ಸುತ್ತು, ನೇರ ಜೋಡಣೆ.

ಹಬೆಯ ಈ ಅತಿವೇಗ ಮೊದಲಿಗೆ ದೊಡ್ಡ ತಲೆನೋವಾಗಿತ್ತು. 1884ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಮಾಡಿದ ಮೊದಲ ಟರ್ಬೈನು ನಿಮಿಷಕ್ಕೆ 18,000 ಸುತ್ತು ತಿರುಗುತ್ತಿತ್ತು. ಅಷ್ಟು ವೇಗ ತಾಳುವ ಡೈನಮೊ ಆಗ ಜಗತ್ತಿನಲ್ಲಿರಲಿಲ್ಲವಾದ್ದರಿಂದ ಅವನು ಅದನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಸ್ವೀಡನ್ನಿನ ದ ಲಾವಾಲ್ ಇನ್ನೊಂದು ದಾರಿ ಹಿಡಿದನು. 30,000 ಸುತ್ತಿನವರೆಗೂ ಓಡುವ ತನ್ನ ಚಕ್ರಕ್ಕೆ ಓರೆಹಲ್ಲಿನ ಗೇರುಗಳನ್ನು ಸೇರಿಸಿ ವೇಗವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದನು. ಹಡಗುಗಳಲ್ಲಿ ಪ್ರಶ್ನೆ ಮತ್ತಷ್ಟು ಬಿಗಿಯಾಯಿತು: ಟರ್ಬೈನಿಗೆ ವೇಗ ಬೇಕು, ನೀರಿನೊಳಗಿನ ಪಂಖಕ್ಕೆ ನಿಧಾನ ಬೇಕು. ಪಂಖ ಅತಿಯಾಗಿ ತಿರುಗಿದರೆ ನೀರಿನಲ್ಲಿ ಗುಳ್ಳೆಗಳೆದ್ದು ತಳ್ಳುವ ಬಲವೇ ಹೋಗುತ್ತದೆ. ಪಾರ್ಸನ್ಸನೇ ವೆಸ್ಪೇಸಿಯನ್ ಎಂಬ ಹಳೆಯ ಸರಕು ಹಡಗನ್ನು ಕೊಂಡು, ಅದರ ಎಂಜಿನು ತೆಗೆದು, 1910ರ ಹೊತ್ತಿಗೆ ಇಪ್ಪತ್ತಕ್ಕೆ ಒಂದರ ಗೇರಿನೊಡನೆ ಟರ್ಬೈನನ್ನು ಓಡಿಸಿ ತೋರಿಸಿದನು. ಅಮೆರಿಕದವರು 1913ರಲ್ಲಿ ಜೂಪಿಟರ್ ಎಂಬ ಹಡಗಿನಲ್ಲಿ ಹಲ್ಲಿಲ್ಲದ ಗೇರನ್ನೇ ಹೂಡಿದರು. ಟರ್ಬೈನು ಕಡಿಮೆ ಧ್ರುವಗಳ ಜನರೇಟರನ್ನು ತಿರುಗಿಸುವುದು, ಆ ವಿದ್ಯುತ್ತು ಹೆಚ್ಚು ಧ್ರುವಗಳ ಮೋಟರನ್ನು ತಿರುಗಿಸುವುದು. ಧ್ರುವಗಳ ಸಂಖ್ಯೆಯೇ ಹಲ್ಲುಗಳ ಸಂಖ್ಯೆಯಂತೆ ವೇಗವನ್ನು ಇಳಿಸುವುದು. ನನಗೆ ಇದು ಬಹಳ ಮೆಚ್ಚಿಗೆಯಾದ ಉಪಾಯ. ಆದರೆ ಗೇರು ಅಗ್ಗ, ಹಗುರ. ಬಹುಮಟ್ಟಿಗೆ ಅದೇ ಗೆದ್ದಿತು. 2014ರಲ್ಲಿ ಕಾರವಾರಕ್ಕೆ ಬಂದ ವಿಕ್ರಮಾದಿತ್ಯ ನೌಕೆಯಲ್ಲಿಯೂ ಹಬೆಯ ಟರ್ಬೈನುಗಳಿಗೂ ಪಂಖಗಳಿಗೂ ನಡುವೆ ಇರುವುದು ಗೇರುಗಳೇ. ಭಟ್ಕಳ, ಹೊನ್ನಾವರಗಳ ಯಾಂತ್ರಿಕ ದೋಣಿಗಳವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಗೇರ್ ಬಾಕ್ಸ್ ಕೆಟ್ಟ ದೋಣಿಯನ್ನು ದಡಕ್ಕೆ ಎಳೆತಂದವರು ಅವರಲ್ಲಿ ಬೇಕಾದಷ್ಟು ಜನ.

ಈಗ ಗದಗಿನ ಕಪ್ಪತಗುಡ್ಡದ ಸುತ್ತಲೂ ಚಿತ್ರದುರ್ಗದ ಗುಡ್ಡಗಳ ಮೇಲೂ ನಿಂತಿರುವ ಗಾಳಿಯಂತ್ರಗಳಲ್ಲಿ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂದಿದೆ. ಅವುಗಳ ಉದ್ದನೆಯ ರೆಕ್ಕೆಗಳು ನಿಮಿಷಕ್ಕೆ ಹದಿನೈದೋ ಇಪ್ಪತ್ತೋ ಸುತ್ತು ಬರುತ್ತವೆ. 1500 ಸುತ್ತಿನ ಜನರೇಟರಿಗೆ ಅದನ್ನು ಮುಟ್ಟಿಸಲು ಎಪ್ಪತ್ತೈದರಿಂದ ನೂರು ಪಟ್ಟು ಏರಿಸುವ ಗೇರು ಬೇಕು. ನೀರು ಒಂದೇ ಸಮನೆ ಸುರಿಯುತ್ತದೆ, ಗಾಳಿ ಹಾಗಲ್ಲ. ಪ್ರತಿಯೊಂದು ಬೀಸು ಹಲ್ಲುಗಳ ಮೇಲೆ ಒಂದು ಪೆಟ್ಟು. ಅಷ್ಟು ಎತ್ತರದಲ್ಲಿ ಗೇರು ಬದಲಿಸುವುದೆಂದರೆ ಭಾರಿ ಕ್ರೇನು ತರಿಸಬೇಕು. ಆದ್ದರಿಂದ ಕೆಲವರು ಗೇರನ್ನೇ ಕೈಬಿಟ್ಟು, ಹೆಬ್ಬಳೆಯಾಕಾರದ, ಬಹಳ ಧ್ರುವಗಳ ಜನರೇಟರನ್ನು ರೆಕ್ಕೆಗಳ ದಂಡಕ್ಕೆ ನೇರವಾಗಿ ಕೂಡಿಸುತ್ತಾರೆ. ಜಲವಿದ್ಯುದಾಗಾರದವರ ಹಳೆಯ ದಾರಿ ಗುಡ್ಡ ಹತ್ತಿದಂತಾಯಿತು. ಯಾವುದು ಮೇಲು ಎಂಬ ವಾದ ಎಂಜಿನಿಯರರಲ್ಲಿ ಇನ್ನೂ ಮುಗಿದಿಲ್ಲ.

ಮಾವನ ತೋಟದ ಕಥೆಗೆ ಒಂದು ಮಾತು ಸೇರಿಸುವುದಿದೆ. ಒಡ್ಡು ಇಳಿಸಿದ ಮೇಲೆ ಕೆಳಗಿನ ತೋಟದವರ ಕಾಲುವೆ ತುಂಬಿತು, ಆದರೆ ಮಾತು ತೆರೆಯಲು ಎರಡು ವರ್ಷ ಬೇಕಾಯಿತು. ಒಂದು ದಿನ ಅವರೇ ನಮ್ಮ ಜಗಲಿಗೆ ಬಂದು ಕುಳಿತು, ಕವಳದ ತಟ್ಟೆ ಎಳೆದುಕೊಂಡು, ತಮ್ಮ ಮನೆಗೂ ಅಂಥದೊಂದು ಚಕ್ರ ಬೇಕೆಂದರು. ನಮ್ಮ ಟರ್ಬೈನಿನ ನೀರು ಹಳ್ಳ ಸೇರಿ ಮುಂದೆ ಇನ್ನೂ 12 ಮೀಟರು ಇಳಿಯುವ ಒಂದು ಜಾಗ ಅವರ ಗಡಿಯಲ್ಲಿತ್ತು. "ಎಲ್ಲಾ ನಿಮ್ಮದರ ಹಾಗೆಯೇ ಮಾಡಿಸುತ್ತೇನೆ. ಹನ್ನೆರಡು ಇಂಚು, ಏಳು ಇಂಚು, ಪುಲ್ಲಿಗಳನ್ನು ಹೊನ್ನಾವರದಲ್ಲಿ ಹೇಳಿಯೂ ಬಂದಿದ್ದೇನೆ" ಎಂದರು. ನಾನು ಕಾಗದ ತೆಗೆದೆ. 12 ಮೀಟರಿನ ನೀರಿಗೆ ಅದೇ ಚಕ್ರ 675ರ ಆಸುಪಾಸಿನಲ್ಲಿ ಮಾತ್ರ ತಿರುಗಬೇಕು. ಹನ್ನೆರಡಕ್ಕೆ ಏಳು ಸಾಲದು, ಹದಿನಾರಕ್ಕೆ ಏಳು ಬೇಕು. ಮಾವ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಅಣ್ಣಾ, ಮೊದಲು ಆ ಹನ್ನೆರಡು ಇಂಚಿನದನ್ನು ಬೇಡವೆಂದು ಹೇಳಿ ಬಾ. ಈ ಮಾಣಿ ಈ ಸಲ ಮುಂಚೆಯೇ ಲೆಕ್ಕ ಹಾಕಿದ್ದಾನೆ" ಎಂದರು.